ಜೆ.ಸಿ. ರಸ್ತೆಯ ಹಿರಿಯರಿಗೆ ಒಂದು ಥ್ಯಾಂಕ್ಸ್

ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಅಂಗಡಿ ಮುಂದೆ ನನ್ನ ರಾಜದೂತ್ 350 ಬೈಕಿನ ಗೋಳು ಕೇಳಿಸಿಕೊಂಡ ಹಿರಿಯರೇ, ಹೆಸರು ಕೇಳುವಷ್ಟರಲ್ಲಿ ನೀವು ಬಸ್ ಹತ್ತಿಬಿಟ್ಟಿರಿ. ಹಾಗಾಗಿ ಇಲ್ಲೇ ಹೇಳುತ್ತೇನೆ: ತುಂಬಾ ಥ್ಯಾಂಕ್ಸ್ ಸರ್.

1980ರ ದಶಕದ ಗಾಡಿ. ಎರಡು ಸಿಲಿಂಡರ್, ಎರಡು ಕಾರ್ಬುರೇಟರ್ (ಗಾಳಿ, ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡೋ ಭಾಗ). ಎಡಗಡೆಯದು ಗಾಡಿಯ ಜೊತೆ ಬಂದದ್ದು, ಬಲಗಡೆಯದು ಹಿಂದಿನ ಮಾಲೀಕರು ಗುಜರಿಯಿಂದ ತಂದು ಹಾಕಿಸಿದ್ದು. ಸಿಗ್ನಲ್‌ನಲ್ಲಿ ನಿಂತರೆ ಒಂದೇ ಸೈಲೆನ್ಸರ್ ಹೊಗೆ ಬಿಡೋದು. ತೋರಿಸಿದ ಕಡೆಯಲ್ಲೆಲ್ಲ ಕೇಬಲ್ ಬಿಗಿ ಮಾಡಿ ಕಳಿಸಿದರು. ನೀವು ಮಾತ್ರ "ಮೊದ್ಲು ಸ್ಲೈಡ್ ಬಿಚ್ಚಿ ನಂಬರ್ ನೋಡಪ್ಪಾ. ಜೋಡಿನೇ ಅಲ್ದೇ ಇದ್ರೆ ಎಷ್ಟು ಟ್ಯೂನ್ ಮಾಡಿದ್ರೇನು?" ಅಂದಿರಿ. ಸ್ಲೈಡ್ ಅಂದ್ರೆ ಆಕ್ಸಿಲರೇಟರ್ ತಿರುಗಿಸಿದಾಗ ಕಾರ್ಬುರೇಟರ್ ಒಳಗೆ ಮೇಲೇರೋ ತುಂಡು.

ನೋಡಿದೆ. ಒಂದರಲ್ಲಿ 2.0, ಇನ್ನೊಂದರಲ್ಲಿ 2.5! ಆ ನಂಬರ್ ಕಟ್‌ಅವೇ, ಅಂದ್ರೆ ಸ್ಲೈಡ್‌ನ ಕೆಳಗಡೆ ಓರೆಯಾಗಿ ಕತ್ತರಿಸಿದ ಭಾಗದ ಅಳತೆ. ಅದು ಜಾಸ್ತಿ ಇರುವ ಕಡೆ, ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿದಾಗ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಟು-ಸ್ಟ್ರೋಕ್ ಬೇರೆ, ಬಿಸಿಯಾಗಿ ಪಿಸ್ಟನ್ ಸೀಜ್ ಆಗೋ (ಸಿಕ್ಕಿಹಾಕಿಕೊಳ್ಳೋ) ಭಯ.

ಸ್ಲೈಡ್, ಪೆಟ್ರೋಲ್ ಅಳೆದು ಬಿಡೋ ನೀಡಲ್, ಜೆಟ್ ಎಲ್ಲ ಜೋಡಿ ಮಾಡಿದ ಮೇಲೆ ನಿಮ್ಮ ಡ್ರಿಲ್ ಬಿಟ್ ಉಪಾಯ. ಏರ್ ಫಿಲ್ಟರ್ ಕಡೆಯಿಂದ ಒಂದೇ ಅಳತೆಯ ಎರಡು ಬಿಟ್‌ಗಳ ನುಣುಪು ತುದಿಯನ್ನು ಸ್ಲೈಡ್‌ಗಳ ಕೆಳಗೆ ಸಿಕ್ಕಿಸಿ, ಆಕ್ಸಿಲರೇಟರ್ ನಿಧಾನಕ್ಕೆ ತಿರುಗಿಸಿದೆ. ಎರಡೂ ಒಟ್ಟಿಗೆ ಸಡಿಲವಾಗಬೇಕು. ಬಲಗಡೆಯದು ಮೊದಲೇ ಜಾರುತ್ತಿತ್ತು. ಮೇಲಿನ ಕೇಬಲ್ ಅಡ್ಜಸ್ಟರ್ ಅರ್ಧ ಸುತ್ತು ತಿರುಗಿಸಿದ್ದಕ್ಕೆ ಸರಿಹೋಯಿತು. ಕಾರ್ಬುರೇಟರ್ ಹೊಂದಿಸೋಕೆ ದುಬಾರಿ ಗೇಜ್ ಯಾಕೆ ಬೇಕು, ಅಲ್ವಾ?

"ಆಯಿಲ್ ಪಂಪ್ ಕೇಬಲ್ಲೂ ನೋಡು" ಅಂತ ಬಸ್ಸಿಂದ ಕೂಗಿದಿರಲ್ಲ, ಎಂಜಿನ್‌ಗೆ ಆಯಿಲ್ ಕೊಡೋ ಪಂಪಿನ ಆ ಕೇಬಲ್ಲನ್ನೂ ಸೆಟ್ ಮಾಡಿದೆ. ಆ ಅಂಗಡಿಯಲ್ಲಿ ನನ್ನ ನಂಬರ್ ಕೊಟ್ಟಿದ್ದೇನೆ ಸರ್. ಒಂದು ರೌಂಡ್ ನೀವೇ ಓಡಿಸಿ ನೋಡಬೇಕು.