ರಾಜಕೀಯದ ಸುದ್ದಿಗೆ 'ಅಸ್ಪೃಶ್ಯ' ಪದ ಬೇಡ

ಸಂಪಾದಕರಿಗೆ ನಮಸ್ಕಾರ,

ಎಲೆಕ್ಷನ್ ಹತ್ರ ಬಂದ್ರೆ ಸಾಕು, ಪೇಪರ್‌ನಲ್ಲಿ 'ರಾಜಕೀಯ ಅಸ್ಪೃಶ್ಯತೆ' ಅನ್ನೋ ಮಾತು ಶುರುವಾಗುತ್ತೆ. ಒಂದು ಪಕ್ಷದ ಜೊತೆ ಯಾರೂ ಮೈತ್ರಿಗೆ ಬರ್ಲಿಲ್ಲ ಅಂದ್ರೆ ಅದು ಅಸ್ಪೃಶ್ಯ ಪಕ್ಷ, ಟಿಕೆಟ್ ಸಿಗದ ಲೀಡರ್ ಮನೆ ಕಡೆ ಯಾರೂ ತಲೆ ಹಾಕ್ತಿಲ್ಲ ಅಂದ್ರೆ ಅವರೂ ಅಸ್ಪೃಶ್ಯರು. ದಯವಿಟ್ಟು ಇದನ್ನ ನಿಲ್ಲಿಸಿ.

ಆ ಲೀಡರ್ ನಾಳೆ ಪಕ್ಷ ಬದಲಾಯಿಸಿದ್ರೆ ಹಾರ ಹಾಕಿ ಕರ್ಕೋತಾರೆ. ಹುಟ್ಟಿನ ಕಾರಣಕ್ಕೇ ಈ ಹೆಸರು ಹೊತ್ಕೊಂಡವರಿಗೆ ಅಂಥ ದಾರಿ ಎಲ್ಲಿತ್ತು? ಹೋಟ್ಲಲ್ಲಿ ಟೀಗೆ ಬೇರೆ ಲೋಟ, ಅದನ್ನ ಕುಡಿದವರೇ ತೊಳೆದು ಹೊರಗಡೆ ಬೋರಲು ಹಾಕಿ ಹೋಗ್ಬೇಕು, ನೀರು ಕೇಳಿದ್ರೆ ಬೊಗಸೆಗೆ ಮೇಲಿಂದ ಸುರೀತಾರೆ, ಕಟಿಂಗ್ ಶಾಪ್‌ಗೆ ಹೋದ್ರೆ ಇವತ್ತು ಅಂಗಡಿ ಇಲ್ಲ ಅಂತ ಬಾಗಿಲು ಎಳೀತಾರೆ, ದೇವಸ್ಥಾನದ ಮೆಟ್ಟಿಲು ಹತ್ತಿದ್ರೆ ಊರಿಗೂರೇ ತಿರುಗಿ ಬೀಳುತ್ತೆ. ಇದೆಲ್ಲ ಹಳೇ ಕಾಲದ್ದು ಅನ್ನೋ ಹಾಗೂ ಇಲ್ಲ, ಇಂಥ ಸುದ್ದಿ ಜಿಲ್ಲಾ ಪುಟಗಳಲ್ಲಿ ಈಗ್ಲೂ ಬರ್ತಾನೇ ಇದೆ.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡಿದೆ, ಆಚರಿಸೋರಿಗೆ ಶಿಕ್ಷೆ ಕೊಡೋಕೆ 1955ರಲ್ಲಿ ಕಾಯ್ದೆ ಬಂತು, ಅದೂ ಸಾಲದೆ 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಮಾಡ್ಬೇಕಾಯ್ತು. ಅಂದ್ರೆ ಇದು ಒಂದು ಅಪರಾಧದ ಹೆಸರು. ಸೀಟು ಹಂಚಿಕೆ ಮುರಿದುಬಿದ್ದ ಸುದ್ದಿಗೆ ಇದನ್ನ ಅಂಟಿಸಿದ್ರೆ ಅಪರಾಧ ಹಗುರ ಆಗುತ್ತೆ, ಅನುಭವಿಸಿದವರ ನೋವೂ ಹಗುರ ಆಗುತ್ತೆ.

ಇಂಗ್ಲಿಷ್‌ನವರು ಮಾಡಿದ್ದೂ ಇದನ್ನೇ. ತಮಿಳುನಾಡಿನ ಒಂದು ಸಮುದಾಯದ ಹೆಸರು, ಪರೈ ಅನ್ನೋ ತಮಟೆಯಿಂದ ಬಂದದ್ದು ಅಂತಾರೆ, ಅದನ್ನ 'ಪರಾಯಾ' (pariah) ಮಾಡ್ಕೊಂಡು ಯಾರನ್ನ ಹೊರಗಿಟ್ರೂ ಅದೇ ಪದ ಬಳಸ್ತಾರೆ. ಅದು ವಿದೇಶ ಸುದ್ದಿಯಲ್ಲಿ 'ಅಸ್ಪೃಶ್ಯ ರಾಷ್ಟ್ರ' ಆಗಿ ನಮ್ಮಲ್ಲಿಗೇ ವಾಪಸ್ ಬರೋದು ನೋಡಿದ್ರೆ ಸಂಕಟ ಆಗುತ್ತೆ.

ಪತ್ರಿಕೆಗಳಿಗೆ ಬದಲಾಗೋಕೆ ಆಗಲ್ಲ ಅಂತೇನಿಲ್ಲ. ಒಂದು ಕಾಲದಲ್ಲಿ ಎಲ್ರೂ ಹರಿಜನ ಅಂತಾನೇ ಬರೀತಿದ್ರು. 1972ರಲ್ಲಿ ಮುಂಬೈನಲ್ಲಿ ದಲಿತ್ ಪ್ಯಾಂಥರ್ಸ್ ಅನ್ನೋ ಸಂಘಟನೆ ಹುಟ್ಟಿತು, ನಮ್ಮಲ್ಲೂ ದಲಿತ ಸಂಘರ್ಷ ಸಮಿತಿ ಹಳ್ಳಿಹಳ್ಳಿಗೆ ಹೋಯ್ತು, ಬೇರೆಯವರು ಕೊಟ್ಟ ಹೆಸರು ನಮಗೆ ಬೇಡ ಅಂತ ಆ ಜನರೇ ಹೇಳಿದ್ಮೇಲೆ ಪತ್ರಿಕೆಗಳೂ ದಲಿತ ಅಂತ ಬರೆಯೋಕೆ ಕಲಿತವು.

ಏಕಾಂಗಿ, ಮೂಲೆಗುಂಪು, ಯಾರಿಗೂ ಬೇಡವಾದ ಪಕ್ಷ ಅಂತ ಬರೆದ್ರೆ ನಮಗೆ ಅರ್ಥ ಆಗುತ್ತೆ. ಲೀಡರ್‌ಗಳೇ ಭಾಷಣದಲ್ಲಿ ಆ ಪದ ಆಡಿದ್ರೆ ಅವರ ಹೆಸರಲ್ಲೇ ಸುದ್ದಿಯ ಒಳಗೆ ಹಾಕಿ, ಹೆಡ್ಡಿಂಗ್‌ಗೆ ಮಾತ್ರ ತರ್ಬೇಡಿ.

ಇಂತಿ,
ನಿಮ್ಮ ಓದುಗ