ಶಾಖ ಕಂಡಿತೆಂದು ಗುಂಡು ಹಾರಿಸುವುದು ಸರಿಯೇ?

ಮಾನ್ಯ ಸಂಪಾದಕರೇ,

ಮೋಜಿನ ಬೇಟೆಗೆ ಕಾನೂನಿನ ಅನುಮತಿ ಇರುವ ದೇಶಗಳಲ್ಲಿ ಮೈಶಾಖವನ್ನೇ ಚಿತ್ರವಾಗಿಸಿ ಕತ್ತಲಲ್ಲೂ ಗುರಿಯಿಡಲು ನೆರವಾಗುವ ಥರ್ಮಲ್ ಸ್ಕೋಪ್ ಈಗ ಸೈನಿಕರ ಸೊತ್ತಾಗಿ ಮಾತ್ರ ಉಳಿದಿಲ್ಲ, ಹವ್ಯಾಸಿ ಬೇಟೆಗಾರರ ಬಂದೂಕಿನ ಮೇಲೂ ಬಂದು ಕೂತಿದೆ. ಇದರ ಪರ ಇರುವವರದು ಮುಖ್ಯವಾಗಿ ಒಂದೇ ವಾದ: ಕತ್ತಲಲ್ಲೂ ಪ್ರಾಣಿ ಚೆನ್ನಾಗಿ ಕಂಡರೆ ಗುಂಡು ತಾಗಬೇಕಾದಲ್ಲೇ ತಾಗುತ್ತದೆ, ಪ್ರಾಣಿ ನರಳದೆ ಸಾಯುತ್ತದೆ, ಆದ್ದರಿಂದ ಇದು ಹೆಚ್ಚು ದಯೆಯ ಬೇಟೆ. ಈ ವಾದದ ಬುಡವೇ ಸಡಿಲ. ಅಲ್ಲೊಂದು ಪ್ರಾಣಿ ಇದೆ ಎಂಬುದನ್ನು ಈ ಉಪಕರಣ ಅದ್ಭುತವಾಗಿ ತೋರಿಸುತ್ತದೆ. ಆದರೆ ಅದು ಯಾವ ಪ್ರಾಣಿ, ಗಂಡೋ ಹೆಣ್ಣೋ, ಮರಿಯಿರುವ ತಾಯಿಯೋ, ಅದರ ಬೆನ್ನಹಿಂದೆ ಏನಿದೆ ಎಂಬುದನ್ನು ಅಷ್ಟೇ ಚೆನ್ನಾಗಿ ತೋರಿಸುವುದಿಲ್ಲ. ಹುಡುಕಲು ಇದನ್ನು ಕೈಯಲ್ಲಿ ಹಿಡಿದುಕೊಳ್ಳಲಿ, ಆದರೆ ಮೋಜಿಗಾಗಿ ಬೇಟೆಯಾಡುವವರ ಬಂದೂಕಿನ ಮೇಲೆ ಇದು ಇರಕೂಡದು ಎಂಬುದು ನನ್ನ ನಿಲುವು.

ಉಪಕರಣ ಕೆಲಸ ಮಾಡುವ ಬಗೆ ತಿಳಿದರೆ ಕಾರಣ ತಾನಾಗಿ ಹೊಳೆಯುತ್ತದೆ. ಬೆಚ್ಚಗಿನ ಮೈಯಿಂದ ಹೊರಡುವ 8ರಿಂದ 14 ಮೈಕ್ರೊಮೀಟರ್ ತರಂಗಾಂತರದ ಅತಿಗೆಂಪು ಕಿರಣಗಳನ್ನು ಜರ್ಮೇನಿಯಂ ಲೆನ್ಸ್ ಒಂದೆಡೆ ಸೇರಿಸುತ್ತದೆ. ಹಿಂದಿರುವ ಮೈಕ್ರೊಬೋಲೊಮೀಟರ್ ಸೆನ್ಸರಿನ ಪ್ರತಿ ಪಿಕ್ಸೆಲ್, ಎಂದರೆ ಚಿತ್ರದ ಒಂದೊಂದು ಬಿಂದುವನ್ನು ಮೂಡಿಸುವ ಕಣ, ಆ ಶಾಖಕ್ಕೆ ಕೊಂಚವೇ ಬಿಸಿಯಾಗಿ ತನ್ನ ವಿದ್ಯುತ್ ರೋಧವನ್ನು ಬದಲಿಸುತ್ತದೆ. ಒಳ್ಳೆಯ ಸೆನ್ಸರು ಒಂದು ಡಿಗ್ರಿಯ ನಲವತ್ತನೇ ಒಂದು ಭಾಗದಷ್ಟು ವ್ಯತ್ಯಾಸವನ್ನೂ ಗುರುತಿಸಬಲ್ಲದು. ತೆರೆಯ ಮೇಲೆ ಮೂಡುವುದು ಈ ಉಷ್ಣತೆಯ ನಕ್ಷೆ. ಅದರಲ್ಲಿ ಮೈಬಣ್ಣ ಇಲ್ಲ, ಚುಕ್ಕೆ ಪಟ್ಟೆ ಇಲ್ಲ, ನೆರಳಿನಿಂದ ತಿಳಿಯುವ ಉಬ್ಬುತಗ್ಗು ಇಲ್ಲ, ದೂರದ ಅಂದಾಜಂತೂ ಇಲ್ಲವೇ ಇಲ್ಲ. ಹತ್ತಿರದ ಮೊಲವೂ ದೂರದ ಜಿಂಕೆಯೂ ಒಂದೇ ಗಾತ್ರದ ಬಿಳಿ ಮಚ್ಚೆಯಾಗಿ ಕಾಣಬಹುದು.

ಸ್ವಲ್ಪ ಲೆಕ್ಕ ಹಾಕೋಣ, ಏಕೆಂದರೆ ಖರೀದಿಸುವವರಲ್ಲಿ ಹೆಚ್ಚಿನವರು ಹಾಕದೆ ಬಿಡುವುದು ಇದನ್ನೇ. 640×512 ಪಿಕ್ಸೆಲ್‌ಗಳ, 12 ಮೈಕ್ರೊಮೀಟರ್ ಪಿಕ್ಸೆಲ್ ಅಳತೆಯ ಸೆನ್ಸರು, 50 ಮಿ.ಮೀ. ಲೆನ್ಸ್ ಎಂದಿಟ್ಟುಕೊಳ್ಳಿ, ಇದು ಉತ್ತಮ ದರ್ಜೆಯ ಉಪಕರಣವೇ. ಇದರಲ್ಲಿ 100 ಮೀಟರ್ ದೂರದಲ್ಲಿ ಒಂದು ಪಿಕ್ಸೆಲ್ 2.4 ಸೆಂ.ಮೀ. ಅಗಲವನ್ನು ಆವರಿಸುತ್ತದೆ, 300 ಮೀಟರಿನಲ್ಲಿ 7.2 ಸೆಂ.ಮೀ. ಅಮೆರಿಕದ ಸೇನೆಯ ರಾತ್ರಿನೋಟ ಸಂಶೋಧಕ ಜಾನ್ ಜಾನ್ಸನ್ 1958ರಲ್ಲಿ ಮಂಡಿಸಿದ, ಇಂದಿಗೂ ಆಧಾರವಾಗಿರುವ ಮಾನದಂಡದ ಪ್ರಕಾರ ‘ಏನೋ ಇದೆ’ ಎನ್ನಲು ವಸ್ತುವಿನ ಕಿರಿದಾದ ಅಳತೆಯ ಮೇಲೆ ಸುಮಾರು 2 ಪಿಕ್ಸೆಲ್ ಸಾಕು. ಅದು ಯಾವ ವರ್ಗದ್ದು ಎನ್ನಲು 8 ಬೇಕು. ನಿರ್ದಿಷ್ಟವಾಗಿ ಇಂಥದೇ ಎನ್ನಲು 13ರ ಹತ್ತಿರ ಬೇಕು. ಅಷ್ಟಿದ್ದರೂ ಸರಿಯುತ್ತರ ಸಿಗುವ ಸಾಧ್ಯತೆ ಶೇ 50 ಮಾತ್ರ!

ಮೈ ಎತ್ತರ 60 ಸೆಂ.ಮೀ. ಇರುವ ಕಾಡುಹಂದಿಗೆ ಇದನ್ನು ಅನ್ವಯಿಸಿ ನೋಡಿ. ‘ಏನೋ ಇದೆ’ ಎಂದು 1,250 ಮೀಟರಿನಿಂದಲೇ ತಿಳಿಯುತ್ತದೆ. ಇಂಥದೇ ಪ್ರಾಣಿ ಎಂದು ಹೇಳಲು 200 ಮೀಟರಿಗಿಂತ ಒಳಗೆ ಬರಬೇಕು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವುದು ಮೊದಲನೆಯ ಬಗೆಯ, ಎಂದರೆ ‘ಏನೋ ಇದೆ’ ಎನ್ನುವ ದೂರ, ಅದೂ ಎದ್ದು ನಿಂತ ಮನುಷ್ಯನ ಎತ್ತರಕ್ಕೆ ಲೆಕ್ಕ ಹಾಕಿದ್ದು. ಆಗ ಅದು ಕಿಲೋಮೀಟರುಗಟ್ಟಲೆ ಹಿಗ್ಗುತ್ತದೆ. ಹೃದಯ ಮತ್ತು ಶ್ವಾಸಕೋಶ ಇರುವ, ಗುಂಡು ತಾಗಲೇಬೇಕಾದ ಜಾಗ ಸುಮಾರು 20 ಸೆಂ.ಮೀ. ಅಗಲವಿದ್ದರೆ 300 ಮೀಟರಿನಲ್ಲಿ ಅದು 3 ಪಿಕ್ಸೆಲ್ ಕೂಡ ಆಗುವುದಿಲ್ಲ. ಡಿಜಿಟಲ್ ಜೂಮ್ ಒತ್ತಿದರೆ ಆ 3 ಪಿಕ್ಸೆಲ್‌ಗಳೇ ಊದಿಕೊಳ್ಳುತ್ತವೆ ಹೊರತು ಹೊಸ ವಿವರವೇನೂ ಹುಟ್ಟುವುದಿಲ್ಲ.

ಬೆಳಗುವ ಮಚ್ಚೆಯೂ ಮೋಸ ಮಾಡುತ್ತದೆ. ದಟ್ಟ ಕೂದಲು ಶಾಖವನ್ನು ಒಳಗೇ ಹಿಡಿದಿಡುವುದರಿಂದ ಪ್ರಾಣಿಯ ಭುಜ ಮಂಕಾಗಿ, ಕಣ್ಣು, ಕಿವಿ, ಕಂಕುಳು, ತೊಡೆಸಂದು ಹೊಳೆದು ಕಾಣುತ್ತವೆ. ಕೆಸರಿನಲ್ಲಿ ಹೊರಳಿ ಬಂದ ಹಂದಿಯ ಅರ್ಧ ಮೈ ಕಪ್ಪಾಗಿಯೇ ಇರುತ್ತದೆ. ಹೊಸಬರು ಹೆಚ್ಚು ಬೆಳಗುವ ಕಡೆಗೆ ಗುರಿಯಿಡುತ್ತಾರೆ. ಗುಂಡು ಹೊಟ್ಟೆಗೋ ಕಾಲಿಗೋ ತಾಗುತ್ತದೆ. ಕೊಂಬಿನ ಕಥೆ ಇನ್ನೊಂದು ಬಗೆಯದು. ಬೆಳೆಯುತ್ತಿರುವ, ಮೃದುಚರ್ಮ ಹೊದ್ದ ಕವಲುಕೊಂಬಿನಲ್ಲಿ ರಕ್ತ ಹರಿಯುತ್ತದೆ, ಆಗ ಅದು ಚೆನ್ನಾಗಿ ಕಾಣುತ್ತದೆ. ಚರ್ಮ ಕಳಚಿದ ಮೇಲೆ ಉಳಿಯುವುದು ಸತ್ತ ಮೂಳೆ, ಅದರ ಉಷ್ಣತೆ ಸುತ್ತಲಿನ ಗಾಳಿಯದೇ. ಹೀಗಾಗಿ ಬೇಟೆಯ ಋತುವಿನಲ್ಲೇ ಗಂಡು ಜಿಂಕೆ ಕೊಂಬಿಲ್ಲದ ಹೆಣ್ಣಿನಂತೆ ಕಾಣುವ ಅಪಾಯ ಹೆಚ್ಚು. ಗೂಡಿನಲ್ಲಿ ಮರಿಗಳನ್ನು ಬಿಟ್ಟು ಒಂಟಿಯಾಗಿ ಮೇಯಲು ಬಂದ ಹಂದಿಯ ಕೆಚ್ಚಲನ್ನು ಹುಲ್ಲು ಮರೆಮಾಡಿದರೆ ಅದು ತಾಯಿ ಎಂದು ತಿಳಿಯುವ ದಾರಿಯೇ ಇಲ್ಲ. ಅದನ್ನು ಕೊಂದರೆ ಗೂಡಿನ ಮರಿಗಳು ಹಸಿವಿನಿಂದ ಸಾಯುತ್ತವೆ. ನರಳದ ಸಾವು ಎಂಬ ವಾದ ಆ ಮರಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಸುರಕ್ಷತೆಯ ವಿಷಯ ಇನ್ನೂ ಗಂಭೀರ. ದೀರ್ಘ ತರಂಗದ ಅತಿಗೆಂಪು ಕಿರಣ ಸಾಮಾನ್ಯ ಗಾಜನ್ನು ದಾಟುವುದಿಲ್ಲ. ನಿಂತ ಕಾರಿನೊಳಗೆ ಕೂತ ಮನುಷ್ಯ ಥರ್ಮಲ್ ತೆರೆಯ ಮಟ್ಟಿಗೆ ಅಲ್ಲಿ ಇಲ್ಲವೇ ಇಲ್ಲ. ಡೇರೆಯ ಬಟ್ಟೆಯ ಹಿಂದೆ ಮಲಗಿದವರ ಗತಿಯೂ ಅದೇ. ದಪ್ಪ ಚಳಿಯುಡುಪು ತೊಟ್ಟು ಬಾಗಿ ನಡೆಯುವವನ ಮುಖ ಮಾತ್ರ ಒಂದು ಸಣ್ಣ ಬಿಳಿ ಚುಕ್ಕೆಯಾಗಿ ಕಾಣಬಹುದು. ಬಿಸಿ ಮೈಯೊಂದು ನೋಟದೊಳಗೆ ಬಂದ ಕೂಡಲೇ ಉಪಕರಣ ತನ್ನಷ್ಟಕ್ಕೆ ತಾನೇ ಚಿತ್ರದ ಬೆಳಕು ಕತ್ತಲೆಯ ಏರಿಳಿತವನ್ನು ಸರಿಹೊಂದಿಸಿಕೊಳ್ಳುತ್ತದೆ. ಆಗ ಹಿನ್ನೆಲೆ ಸಪಾಟಾಗಿ, ಪ್ರಾಣಿಯ ಹಿಂದಿರುವುದು ಮಣ್ಣಿನ ದಿಬ್ಬವೋ ದೂರದ ರಸ್ತೆಯೋ ತಿಳಿಯುವುದಿಲ್ಲ. ಗುಂಡಿನ ದಾರಿಗೆ ಅಡ್ಡ ಬಂದಿರುವ ಸಣ್ಣ ಕೊಂಬೆ ಗಾಳಿಯಷ್ಟೇ ತಣ್ಣಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ತಾಗಿದ ಗುಂಡು ದಾರಿ ತಪ್ಪುತ್ತದೆ. ಮಂಜು ಮತ್ತು ಮಳೆ ಚಿತ್ರವನ್ನು ಮಸುಕುಗೊಳಿಸುತ್ತವೆ. ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ನೆಲ, ಕಲ್ಲು, ಗಿಡ ಎಲ್ಲದರ ಉಷ್ಣತೆ ಒಂದೇ ಆಗುವ ಹೊತ್ತೊಂದು ಬರುತ್ತದೆ, ಆಗ ಹಿನ್ನೆಲೆ ಪೂರ್ತಿ ಕಲಸಿಹೋಗುತ್ತದೆ. ಇಷ್ಟರ ನಡುವೆ ಸೆನ್ಸರು ತನ್ನನ್ನು ತಾನು ತಿದ್ದಿಕೊಳ್ಳಲು ಆಗಾಗ ಶಟರ್ ಮುಚ್ಚುತ್ತದೆ, ಚಿತ್ರ ಕ್ಷಣಕಾಲ ಹಾಗೇ ನಿಂತುಬಿಡುತ್ತದೆ. ಬೆರಳು ಟ್ರಿಗರ್ ಮೇಲಿರುವಾಗ ಆ ಕ್ಷಣ ಬಂದರೆ ಬೇಟೆಗಾರ ನೋಡುತ್ತಿರುವುದು ಆಗಲೇ ಕಳೆದುಹೋದ ದೃಶ್ಯವನ್ನು.

ಎಲ್ಲಕ್ಕಿಂತ ಕೆಟ್ಟ ಅಭ್ಯಾಸ ಬಂದೂಕನ್ನೇ ದುರ್ಬೀನಿನಂತೆ ಬಳಸುವುದು. ಸ್ಕೋಪ್ ಬಂದೂಕಿನ ಮೇಲಿದ್ದರೆ, ‘ಅದೇನು?’ ಎಂದು ನೋಡಲು ನಳಿಗೆಯನ್ನು ಅದರತ್ತ ತಿರುಗಿಸಲೇಬೇಕು. ಅದು ಮನುಷ್ಯನಾಗಿದ್ದರೆ, ಗೊತ್ತಾಗುವ ಹೊತ್ತಿಗೆ ಗುಂಡು ತುಂಬಿದ ಬಂದೂಕು ಅವನ ಎದೆಯತ್ತ ಇರುತ್ತದೆ. ಗುರುತಿಸದ ವಸ್ತುವಿನತ್ತ ನಳಿಗೆ ತಿರುಗಿಸಬಾರದು ಎಂಬುದು ಬಂದೂಕು ಹಿಡಿಯುವವರಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ಈ ಸ್ಕೋಪ್ ಅದನ್ನು ಪ್ರತಿ ರಾತ್ರಿ ಮುರಿಯುವಂತೆ ಮಾಡುತ್ತದೆ.

ಇನ್ನು ಪ್ರಾಣಿಯ ಕಡೆಯಿಂದ ನೋಡೋಣ. ಕೇಟ್ಲಿನ್ ಗೇನರ್ ಮತ್ತು ಸಂಗಡಿಗರು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಆರು ಖಂಡಗಳ 62 ಜಾತಿಯ ಸಸ್ತನಿಗಳ ಕುರಿತ 76 ಅಧ್ಯಯನಗಳನ್ನು ಒಟ್ಟಿಗೆ ವಿಶ್ಲೇಷಿಸಿ ಪ್ರಕಟಿಸಿದರು. ಮನುಷ್ಯರ ಓಡಾಟವಿರುವಲ್ಲಿ ಪ್ರಾಣಿಗಳ ರಾತ್ರಿ ಚಟುವಟಿಕೆ ಸರಾಸರಿ 1.36 ಪಟ್ಟಾಗಿತ್ತು. ಎಂದರೆ, ಹಗಲು ರಾತ್ರಿಗಳನ್ನು ಸಮನಾಗಿ ಹಂಚಿಕೊಂಡಿದ್ದ ಪ್ರಾಣಿ ತನ್ನ ಚಟುವಟಿಕೆಯ ಶೇ 68ರಷ್ಟನ್ನು ಕತ್ತಲಿಗೆ ಸಾಗಿಸಿದೆ. ನಮ್ಮಿಂದ ತಪ್ಪಿಸಿಕೊಳ್ಳಲೆಂದೇ ಅವು ರಾತ್ರಿಗೆ ಸರಿದಿವೆ. ಮೇವು, ನೀರು, ಸಂಗಾತಿ, ಮರಿಗಳ ಪಾಲನೆ ಎಲ್ಲವನ್ನೂ ಆ ಕೆಲವು ಗಂಟೆಗಳಲ್ಲೇ ಮುಗಿಸಿಕೊಳ್ಳುತ್ತಿವೆ. ಅಲ್ಲಿಗೂ ಮೋಜಿಗಾಗಿ ಬೆನ್ನಟ್ಟಿ ಹೋದರೆ ಅವುಗಳಿಗೆ ಇಪ್ಪತ್ನಾಲ್ಕು ಗಂಟೆಯಲ್ಲಿ ಒಂದು ನಿರ್ಭಯದ ಗಂಟೆಯೂ ಉಳಿಯುವುದಿಲ್ಲ.

ಬೇಟೆಗಾರರ ಪರಂಪರೆಯೇ ಇದನ್ನು ಒಪ್ಪುವುದಿಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್, ಪ್ರಾಣಿಗೆ ತಪ್ಪಿಸಿಕೊಳ್ಳುವ ನ್ಯಾಯವಾದ ಅವಕಾಶ ಇರಲೇಬೇಕೆಂಬ ನಿಯಮವನ್ನು ಎತ್ತಿಹಿಡಿದ ಸಂಸ್ಥೆ. ಥರ್ಮಲ್ ಉಪಕರಣ ಬಳಸಿ ಕೊಂದ ಪ್ರಾಣಿಯನ್ನು ಅದು ದೊಡ್ಡ ಬೇಟೆಪ್ರಾಣಿಗಳ ತನ್ನ ದಾಖಲೆಗೆ ಸೇರಿಸಿಕೊಳ್ಳುವುದಿಲ್ಲ. ಯುರೋಪಿನಲ್ಲಿ ವನ್ಯಜೀವಿ ರಕ್ಷಣೆಯ 1979ರ ಬರ್ನ್ ಒಪ್ಪಂದವೂ ಐರೋಪ್ಯ ಒಕ್ಕೂಟದ 1992ರ ಆವಾಸ ನಿರ್ದೇಶನವೂ ರಾತ್ರಿ ಗುಂಡು ಹಾರಿಸಲು ಬಳಸುವ ಎಲೆಕ್ಟ್ರಾನಿಕ್ ಗುರಿಯಂತ್ರಗಳನ್ನು ನಿಷೇಧಿತ ವಿಧಾನಗಳ ಪಟ್ಟಿಯಲ್ಲಿಟ್ಟಿವೆ. ನಂತರ ಅಲ್ಲಲ್ಲಿ ವಿನಾಯಿತಿಗಳು ಬಂದವು ನಿಜ. ಕಾಡುಹಂದಿಗಳಿಂದಲೂ ಹರಡುವ ಆಫ್ರಿಕನ್ ಹಂದಿಜ್ವರದ ಭೀತಿಯಿದ್ದ ಜರ್ಮನಿ 2020ರಲ್ಲಿ ಶಸ್ತ್ರ ಕಾನೂನನ್ನು ತಿದ್ದಿ, ಪರವಾನಗಿ ಇರುವ ಬೇಟೆಗಾರರು ಸ್ಕೋಪಿನ ಮುಂದೆ ರಾತ್ರಿನೋಟದ ಉಪಕರಣ ಜೋಡಿಸಿಕೊಳ್ಳಲು ದಾರಿ ಮಾಡಿಕೊಟ್ಟಿತು. ರೋಗ ತಡೆಗೋ, ಹೊರಗಿನಿಂದ ಬಂದು ಸ್ಥಳೀಯ ಜೀವಿಗಳನ್ನು ನಾಶಮಾಡುವ ಪ್ರಾಣಿಗಳ ನಿಯಂತ್ರಣಕ್ಕೋ ಇದನ್ನು ಬಳಸುವುದಕ್ಕೆ ನನ್ನ ವಿರೋಧವಿಲ್ಲ. ಅಲ್ಲಿ ಉದ್ದೇಶ ಸಂಖ್ಯೆ ಇಳಿಸುವುದು. ಮಾಡುವವರು ತರಬೇತಾದವರು, ಜಾಗ ಮತ್ತು ಅವಧಿ ಮೊದಲೇ ಗೊತ್ತಾದದ್ದು, ಲೆಕ್ಕ ಒಪ್ಪಿಸಬೇಕಾದದ್ದು. ಆ ವಿನಾಯಿತಿಯ ಬಾಗಿಲಿನಿಂದ ಮೋಜಿನ ಬೇಟೆ ಒಳನುಗ್ಗುವುದನ್ನು ಒಪ್ಪಲಾಗದು.

ಇದೇ ಉಪಕರಣ ಜೀವ ಉಳಿಸುವುದಕ್ಕೂ ಒದಗುತ್ತದೆ. ಹುಲ್ಲುಗಾವಲುಗಳಲ್ಲಿ ಕೊಯ್ಲಿನ ಯಂತ್ರ ಬಂದಾಗ ಎಳೆಯ ಜಿಂಕೆಮರಿ ಓಡದೆ ನೆಲಕ್ಕೆ ಅಂಟಿ ಮಲಗುತ್ತದೆ, ಅಲಗಿಗೆ ಸಿಕ್ಕಿ ಸಾಯುತ್ತದೆ. ಥರ್ಮಲ್ ಕ್ಯಾಮೆರಾ ಹೊತ್ತ ಡ್ರೋನನ್ನು ಕೊಯ್ಲಿಗೆ ಮುನ್ನ, ಸೂರ್ಯ ಹುಟ್ಟುವ ಹೊತ್ತಿಗೆ ಹಾರಿಸಬೇಕು. ಬಿಸಿಲೇರಿದರೆ ಕಲ್ಲು, ಮಣ್ಣುಗುಡ್ಡೆ ಎಲ್ಲವೂ ಮರಿಯಂತೆಯೇ ಹೊಳೆಯುತ್ತವೆ. ಮರಿ ಸಿಕ್ಕರೆ ಕೈಗವಸು ತೊಟ್ಟು, ಹಿಡಿ ಹುಲ್ಲಿನ ಸಮೇತ ಎತ್ತಿ, ಹೊಲದಂಚಿನ ನೆರಳಿನಲ್ಲಿ ಗಾಳಿಯಾಡುವ ಪೆಟ್ಟಿಗೆಯಡಿ ಇಟ್ಟು, ಕೊಯ್ಲು ಮುಗಿದ ತಕ್ಷಣ ಬಿಡಬೇಕು. ಮನುಷ್ಯರ ವಾಸನೆ ಹತ್ತದಂತೆ ಇಷ್ಟು ಎಚ್ಚರ. ಗಾಯಗೊಂಡು ಪೊದೆ ಸೇರಿದ ಪ್ರಾಣಿಯನ್ನು ಬೇಗ ಹುಡುಕಿ ನೋವು ಕೊನೆಗೊಳಿಸಲೂ ಕೈಯಲ್ಲಿ ಹಿಡಿಯುವ ಉಪಕರಣ ನೆರವಾಗುತ್ತದೆ. ಆದರೆ ಅದೊಂದನ್ನೇ ನಂಬುವಂತಿಲ್ಲ: ನೆಲಕ್ಕೆ ಬಿದ್ದ ರಕ್ತ ನಿಮಿಷಗಳಲ್ಲೇ ತಣ್ಣಗಾಗಿ ತೆರೆಯಿಂದ ಮಾಯವಾಗುತ್ತದೆ. ಹೊಳೆಯುವ ತೆರೆಗೆ ಒಗ್ಗಿದ ಕಣ್ಣು ಕತ್ತಲಿಗೆ ಮತ್ತೆ ಹೊಂದಿಕೊಳ್ಳಲು 20–30 ನಿಮಿಷ ಬೇಕು. ಗುಂಡು ತಾಗಿದ ಜಾಗವನ್ನು ಆಗಲೇ ಗುರುತಿಟ್ಟುಕೊಳ್ಳದಿದ್ದರೆ, ಜಾಡು ಹಿಡಿಯಬಲ್ಲ ನಾಯಿ ಇಲ್ಲದಿದ್ದರೆ, ಪ್ರಾಣಿ ಬೆಳಗಿನವರೆಗೂ ನರಳುತ್ತದೆ.

ಮೋಜಿನ ಬೇಟೆಗೆ ಅನುಮತಿ ಇರುವ ಕಡೆ ಪರವಾನಗಿಯ ಷರತ್ತುಗಳನ್ನು ಹೀಗೆ ಬಿಗಿಗೊಳಿಸಬೇಕು. ಥರ್ಮಲ್ ಉಪಕರಣ ಬಂದೂಕಿನಿಂದ ಬೇರೆಯಾಗಿಯೇ ಇರಬೇಕು, ಜೋಡಿಸುವ ಕೊಂಡಿಗೂ ಅವಕಾಶ ಬೇಡ. ಅದರಲ್ಲಿ ಕಂಡದ್ದನ್ನು ಹಗಲಿನ ಬೆಳಕಿನಲ್ಲಿ ಸಾಮಾನ್ಯ ದುರ್ಬೀನಿನಿಂದ ಖಚಿತಪಡಿಸಿಕೊಂಡ ಮೇಲಷ್ಟೇ ಬಂದೂಕು ಎತ್ತಬೇಕು. ಬೆಳಕು ಸಾಲದಿದ್ದರೆ ಆ ದಿನದ ಬೇಟೆ ಮುಗಿಯಿತು. ಕೂರುವ ಜಾಗದಿಂದ ಗುಂಡು ಹೋಗಬಹುದಾದ ಪ್ರತಿ ದಿಕ್ಕನ್ನೂ ಹಗಲಲ್ಲೇ ನಡೆದು ನೋಡಿ, ಹಿಂದೆ ಮಣ್ಣಿನ ತಡೆ ಇಲ್ಲದ ದಿಕ್ಕುಗಳನ್ನು ಕೈಬಿಡಬೇಕು. ಪಿಕ್ಸೆಲ್ ಲೆಕ್ಕವನ್ನು ಬೇಟೆಗಾರರ ಪರೀಕ್ಷೆಯಲ್ಲಿ ಕೇಳಬೇಕು. ತಯಾರಕರು ‘ಏನೋ ಇದೆ’ ಎಂದು ತಿಳಿಯುವ ದೂರವನ್ನು ಮುದ್ರಿಸುವಷ್ಟೇ ದೊಡ್ಡ ಅಕ್ಷರದಲ್ಲಿ, ಇಂಥದೇ ಪ್ರಾಣಿ ಎಂದು ಗುರುತಿಸಬಹುದಾದ ದೂರವನ್ನೂ, ಅದು ಎಷ್ಟು ಎತ್ತರದ ಪ್ರಾಣಿಗೆ ಹಾಕಿದ ಲೆಕ್ಕ ಎಂಬುದನ್ನೂ ಪೆಟ್ಟಿಗೆಯ ಮೇಲೆ ಮುದ್ರಿಸುವುದನ್ನು ಕಡ್ಡಾಯಗೊಳಿಸಬೇಕು.

ಇಂತಿ,
ಓರ್ವ ಓದುಗ