ಸಭ್ಯರ ನಾಡಿನ ಅಪರಾಧ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿದ್ದೇವೆಂದರೆ ಊರಿನ ನೆಂಟರು ಮೊದಲು ಚಳಿಯನ್ನು ವಿಚಾರಿಸುತ್ತಾರೆ. ಅವರಲ್ಲಿ ಸಿನಿಮಾದ ಹುಚ್ಚಿರುವವರು ‘ಫಾರ್ಗೊ’ ಚಿತ್ರದ ವಿಷಯವನ್ನೂ ಎತ್ತದೆ ಬಿಡುವುದಿಲ್ಲ. ಇಲ್ಲಿನ ಮಿನಿಯಾಪೊಲಿಸ್ ನಗರಕ್ಕೆ ಹೊಂದಿಕೊಂಡ ಸೇಂಟ್ ಲೂಯಿಸ್ ಪಾರ್ಕ್‌ನಲ್ಲಿ ಬೆಳೆದ ಜೋಯೆಲ್ ಮತ್ತು ಈಥನ್ ಕೋಯೆನ್ ಸಹೋದರರು ರೂಪಿಸಿದ ಈ ಚಿತ್ರ ತೆರೆಕಂಡದ್ದು 1996ರಲ್ಲಿ. ಹೆಸರು ನೆರೆಯ ನಾರ್ತ್ ಡಕೋಟ ರಾಜ್ಯದ ಊರಿನದಾದರೂ ಕಥೆ ಅಲ್ಲಿ ನಿಲ್ಲುವುದು ಆರಂಭದ ಒಂದು ಭೇಟಿಯ ಮಟ್ಟಿಗೆ ಮಾತ್ರ. ಮುಂದಿನದೆಲ್ಲ ಬಹುಪಾಲು ನಮ್ಮ ರಾಜ್ಯದ್ದೇ. (ಚಿತ್ರೀಕರಣದ ವರ್ಷ ಇಲ್ಲಿ ಸಾಕಷ್ಟು ಹಿಮ ಬೀಳದೆ, ಅದನ್ನು ಹುಡುಕಿಕೊಂಡು ತಂಡ ನಾರ್ತ್ ಡಕೋಟಕ್ಕೆ ಹೋಗಬೇಕಾಯಿತೆಂಬುದು ಬೇರೆ ಮಾತು.)

ಹಣದ ಇಕ್ಕಟ್ಟಿಗೆ ಸಿಲುಕಿದ ಜೆರಿ ಲುಂಡೆಗಾರ್ಡ್ ಎಂಬ ಕಾರು ಮಾರಾಟದವನು, ಶ್ರೀಮಂತ ಮಾವನಿಂದ ದುಡ್ಡು ಕೀಳಲು ತನ್ನ ಹೆಂಡತಿಯನ್ನೇ ಅಪಹರಿಸುವಂತೆ ಇಬ್ಬರು ಖದೀಮರನ್ನು ಗೊತ್ತುಮಾಡುತ್ತಾನೆ. ಅವರಿಗೆ ಹೇಳಿದ ಒತ್ತೆಹಣ 80,000 ಡಾಲರ್, ಮಾವನಿಗೆ ಹೇಳಿದ್ದು 10 ಲಕ್ಷ. ಈ ಎರಡು ಅಂಕಿಗಳ ನಡುವಿನ ಸುಳ್ಳನ್ನು ಕಾಪಾಡಿಕೊಳ್ಳಲು ಹೋಗಿ ಹೆಣಗಳು ಒಂದರ ಮೇಲೊಂದು ಉರುಳುತ್ತವೆ.

ಇಂಥ ಕಥೆ ನಗಿಸುವುದಾದರೂ ಹೇಗೆ? ನನ್ನ ದೃಷ್ಟಿಯಲ್ಲಿ ಅದರ ಗುಟ್ಟು ಮಾತಿನ ಮರ್ಯಾದೆಯಲ್ಲಿದೆ. ಇಲ್ಲಿಯವರ ‘ಯಾ, ಯಾ’ ಎಂಬ ಎಳೆದ ಉಚ್ಚಾರ, ಎದುರಿಗಿದ್ದವರಿಗೆ ಬೇಸರವಾಗದಂತೆ ಆಡುವ ಸುತ್ತುಬಳಸಿನ ನುಡಿ, ಎಂಥ ಗಳಿಗೆಯಲ್ಲೂ ಬಿಡದ ಹವಾಮಾನದ ಪ್ರಸ್ತಾಪ, ಇವೆಲ್ಲ ಕೊಲೆಯ ತನಿಖೆಯ ನಡುವೆಯೂ ಹಾಗೆಯೇ ಮುಂದುವರಿಯುತ್ತವೆ. ಮನೆಯ ಮುಂದಿನ ಹಿಮ ತೆಗೆಯುತ್ತಿರುವ ಹಿರಿಯರೊಬ್ಬರು, ಕೊಲೆ ಮಾಡಿದೆನೆಂದು ಬಾರಿನಲ್ಲಿ ಕೊಚ್ಚಿಕೊಂಡವನ ಸುದ್ದಿಯನ್ನು ಪೊಲೀಸನಿಗೆ ಒಪ್ಪಿಸಿ, ಅದೇ ಉಸಿರಿನಲ್ಲಿ ಚಳಿ ಏರುವಂತಿದೆ ಎನ್ನುತ್ತಾರೆ. ಇಡೀ ಚಿತ್ರದಲ್ಲಿ ಅವರಿಗಿರುವುದು ಅದೊಂದೇ ದೃಶ್ಯ, ಆದರೂ ಮರೆಯುವಂತಿಲ್ಲ. ಖದೀಮನ ಚಹರೆ ಹೇಳಿರೆಂದರೆ ‘ನೋಡೋಕೆ ಒಂಥರಾ ಇದ್ದ’ ಎಂಬುದರಾಚೆಗೆ ಹೋಗಲಾರದ ಇಬ್ಬರು ಹುಡುಗಿಯರೂ ಹಾಗೆಯೇ. ಪಾತ್ರ ಎಷ್ಟೇ ಚಿಕ್ಕದಿರಲಿ, ಅದಕ್ಕೊಂದು ಪೂರ್ಣ ಬದುಕಿದೆಯೆಂದು ನಂಬಿಸುವ ಈ ಬಗೆಯೇ ಬಹುಪಾತ್ರಗಳ ಚಿತ್ರಕ್ಕೆ ಜೀವಾಳ.

ಅದೇ ಸೌಜನ್ಯ ಜೆರಿಯ ಬಾಯಲ್ಲಿ ಮೋಸದ ಮುಸುಕು. ಮಾವ ದುಡ್ಡು ಕೊಡದೆ ಕೈಯೆತ್ತಿದ ಮೇಲೆ ಹೊರಬಂದ ಅವನು, ಕಾರಿನ ಗಾಜಿನ ಮೇಲಿನ ಮಂಜುಗಡ್ಡೆಯನ್ನು ಕೆರೆಯುತ್ತ ಒಮ್ಮೆಲೇ ಸ್ಕ್ರೇಪರನ್ನು ಬಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಕೆರೆಯತೊಡಗುತ್ತಾನೆ. ಜನವರಿಯ ಮುಂಜಾನೆಗಳನ್ನು ಬಲ್ಲ ಇಲ್ಲಿನ ನಮ್ಮವರಿಗೆ ಇದನ್ನು ವಿವರಿಸಬೇಕಿಲ್ಲ. ಇತ್ತ, ಅರ್ಧ ಗಂಟೆ ಕಳೆದ ಬಳಿಕವಷ್ಟೇ ಕಾಣಿಸಿಕೊಳ್ಳುವ ತುಂಬು ಗರ್ಭಿಣಿ ಪೊಲೀಸ್ ಮುಖ್ಯಾಧಿಕಾರಿ ಮಾರ್ಜ್ ಗಂಡರ್ಸನ್‌ಗೆ ಸೌಜನ್ಯವೆಂಬುದು ಸ್ವಭಾವ. ಅಡ್ಡಮಾತಾಡಿದ ಜೆರಿಯನ್ನು ಆಕೆ ದನಿಯೇರಿಸದೆಯೇ ಬೆವರಿಳಿಸುತ್ತಾಳೆ. ಆ ಪಾತ್ರಕ್ಕಾಗಿ ಫ್ರಾನ್ಸಿಸ್ ಮೆಕ್‌ಡಾರ್ಮಂಡ್ ಅವರಿಗೂ, ಚಿತ್ರಕಥೆಗಾಗಿ ಸಹೋದರರಿಗೂ ಆಸ್ಕರ್ ಸಂದಿತು.

ಆರಂಭದಲ್ಲಿ ಮೂಡುವ ‘ಇದು ನಿಜಕಥೆ’ ಎಂಬ ಘೋಷಣೆಯನ್ನು ನಂಬಬೇಕಾಗಿಲ್ಲ. ಅದೂ ಗಂಭೀರ ಮುಖದಿಂದ ಹೇಳಿದ ಹಾಸ್ಯವೇ. ಚಿತ್ರದಲ್ಲಿ ರಕ್ತಪಾತ ಧಾರಾಳವಾಗಿರುವುದರಿಂದ ಮಕ್ಕಳು ಮಲಗಿದ ಮೇಲೆ ನೋಡುವುದು ಲೇಸು. ಅದರಲ್ಲಿನ ಅತಿ ಭೀಕರ ದೃಶ್ಯಕ್ಕೆ ಬಳಸಿದ ಮರ ಚೂರುಮಾಡುವ ಯಂತ್ರವನ್ನು ಫಾರ್ಗೊ ಊರಿನ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ಪ್ರದರ್ಶನಕ್ಕಿಡಲಾಗಿದೆ. ಪ್ರವಾಸಿಗರು ಅದರ ಪಕ್ಕ ನಿಂತು ನಗುನಗುತ್ತ ಫೋಟೊ ತೆಗೆಸಿಕೊಳ್ಳುತ್ತಾರೆ.